ಗೇಟಿನ ಬಳಿ ಎಳ್ಳು

ಸಂಕ್ರಾಂತಿಗೆ ಇನ್ನೂ ವಾರವಿರುವಾಗಲೇ ಮುನೇಶ್ ಮನೆಯಲ್ಲಿ ಬೆಲ್ಲ ಹೆಚ್ಚುವ ಕೆಲಸ ಶುರುವಾಯಿತು. ಹೆಚ್ಚುತ್ತಿದ್ದವಳು ಹನ್ನೊಂದು ವರ್ಷದ ಮಗಳು ಲಾವಣ್ಯಾ. ನಡುಮನೆಯ ನೆಲದ ಮೇಲೆ ಹಳೆಯ ಪೇಪರ್ ಹಾಸಿಕೊಂಡು, ಎದುರಿಗೆ ಮಣೆ ಇಟ್ಟುಕೊಂಡು ಕೂತಿದ್ದಳು. ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ ಇದ್ದುದರಿಂದ ಅವಳ ಕಾಲುಗಳಲ್ಲಿ ಬಲವಿಲ್ಲ, ಸ್ಪರ್ಶವೂ ಕಡಿಮೆ. ಹೊರಗೆ ಹೋಗಬೇಕೆಂದರೆ ಗಾಲಿಕುರ್ಚಿ ಬೇಕು. ಅದರ ಚಕ್ರಗಳನ್ನು ತಳ್ಳಿ ತಳ್ಳಿ ತೋಳುಗಳು ಮಾತ್ರ ಗಟ್ಟಿಯಾಗಿದ್ದವು. ಅಚ್ಚು ಬೆಲ್ಲ ಹೆಚ್ಚುವುದರಲ್ಲಿ ಮನೆಯಲ್ಲಿ ಅವಳಿಗೆ ಸಾಟಿ ಯಾರೂ ಇರಲಿಲ್ಲ.

"ಈ ಸಲ ಎಳ್ಳು ಬೀರೋಕೆ ನಾನೂ ಹೋಗ್ತೀನಿ," ಎಂದಳು ಲಾವಣ್ಯಾ, ಬೆಲ್ಲದಿಂದ ಕಣ್ಣು ತೆಗೆಯದೆ.

ಅವಳ ಅಮ್ಮ ವಿನುತಾ ಒಲೆಯ ಮುಂದೆ ಕಡಲೇಕಾಯಿ ಬೀಜ ಹುರಿಯುತ್ತಿದ್ದಳು. ಸೌಟು ಒಂದು ಕ್ಷಣ ನಿಂತಿತು.

"ಹೋದ ವರ್ಷದ ಥರಾನೇ ನಾನು ಕೊಟ್ಟು ಬರ್ತೀನಲ್ಲ ಪುಟ್ಟಿ."

"ಎಳ್ಳು ಬೀರೋದು ಹೆಣ್ಮಕ್ಕಳು. ಅಮ್ಮಂದ್ರಲ್ಲ."

ಅದು ನಿಜವೇ. ಚಾಮರಾಜಪೇಟೆಯ ಆ ಅಡ್ಡರಸ್ತೆಯಲ್ಲಿ ಸಂಕ್ರಾಂತಿಯ ಸಂಜೆ ಎಂದರೆ ಹುಡುಗಿಯರದ್ದು. ರೇಷ್ಮೆ ಲಂಗ ಉಟ್ಟು, ತಟ್ಟೆಯಲ್ಲಿ ಎಳ್ಳು ಬೆಲ್ಲದ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು ಇಟ್ಟುಕೊಂಡು ಮನೆ ಮನೆಗೂ ಹೋಗುತ್ತಾರೆ. ಕೊಟ್ಟು, ಪಡೆದು, ಕುಂಕುಮ ಇಡಿಸಿಕೊಂಡು ಬರುತ್ತಾರೆ. ಬೀದಿಯ ಹಳೆಯ ಮನೆಗಳಿಗೆಲ್ಲ ಎತ್ತರದ ಕಲ್ಲು ಮೆಟ್ಟಿಲುಗಳಿರುವುದರಿಂದ ಲಾವಣ್ಯಾಳ ತಟ್ಟೆಯನ್ನು ಇಷ್ಟು ವರ್ಷ ಅವಳ ಅಮ್ಮ ಹೊತ್ತಿದ್ದಳು. ಗೆಳತಿಯರು ಕೊನೆಯಲ್ಲಿ ಇವರ ಮನೆಗೆ ಬಂದು, ತಿರುಗಾಟದ ಕಥೆಗಳನ್ನೆಲ್ಲ ಹೇಳಿ ಹೋಗುತ್ತಿದ್ದರು.

ಕಥೆಗಳ ಪೈಕಿ ಎಲ್ಲಕ್ಕಿಂತ ರುಚಿಯಾದದ್ದು ಲಕ್ಷ್ಮೀದೇವಮ್ಮನವರ ಮನೆಯದು. ಬೀದಿಯ ಮೂಲೆಯ ದೊಡ್ಡ ಮನೆ ಅವರದು. ಹಜಾರದಲ್ಲಿ ಹಲಗೆಯ ಉಯ್ಯಾಲೆ ಇದೆ. ಎಳ್ಳು ಬೀರಲು ಬಂದ ಹುಡುಗಿಯರನ್ನು ಅದರ ಮೇಲೆ ಸಾಲಾಗಿ ಕೂರಿಸಿ, ಒಬ್ಬೊಬ್ಬರ ಪೊಟ್ಟಣವನ್ನೂ ಬಿಚ್ಚಿ, ಬಾಯಿಗೆ ಹಾಕಿಕೊಂಡು, ಅಗಿದು, ತೀರ್ಪು ಕೊಡುವುದು ಆಕೆಯ ಪದ್ಧತಿ. ದಾಕ್ಷಿಣ್ಯ ಎಂಬುದಿಲ್ಲ. ಎದುರು ಮನೆಯ ಆರಾಧನಾಗೆ ಕಳೆದ ವರ್ಷ, "ಇದು ಎಳ್ಳೋ, ಸ್ಕೂಲ್ ಗ್ರೌಂಡಿನ ಮರಳೋ? ನಿಮ್ಮಮ್ಮ ಜರಡಿ ಹಿಡಿಯೋದು ಬಿಟ್ಟಿದಾಳಾ?" ಎಂದಿದ್ದರು. ಆರಾಧನಾ ಅದನ್ನು ಪದಕದಂತೆ ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು.

ಲಾವಣ್ಯಾಳಿಗೆ ಆ ಉಯ್ಯಾಲೆಯ ಮೇಲೆ ಕೂತು ಬೈಸಿಕೊಳ್ಳಬೇಕಿತ್ತು. ಹೊಗಳಿದರೂ ಸರಿಯೇ. ಒಟ್ಟಿನಲ್ಲಿ ತೀರ್ಪು ತನಗೂ ಬೇಕು. ಅದಕ್ಕಾಗಿಯೇ ಈ ಸಲ ಬೆಲ್ಲ, ಕೊಬ್ಬರಿ ಎರಡನ್ನೂ ಬೇರೆ ಯಾರೂ ಮುಟ್ಟದಂತೆ ತಾನೇ ಹೆಚ್ಚುತ್ತಿದ್ದಳು.

ರಾತ್ರಿ ಊಟದ ಹೊತ್ತಿಗೆ ಮುನೇಶನಿಗೆ ವಿಷಯ ಗೊತ್ತಾಯಿತು. ಕಲಾಸಿಪಾಳ್ಯದಲ್ಲಿ ಅವನದು ತರಕಾರಿ ಮಂಡಿ. ಯಾವುದೇ ಕೆಲಸವಾದರೂ ಮಂಡಿಯ ಕ್ರಮದಲ್ಲೇ ಯೋಚಿಸುವವನು. ಲಾರಿ ಬರುವ ಮೊದಲೇ ಎಲ್ಲರಿಗೂ ಫೋನು ಹೋಗಬೇಕು. ಅವರೇಕಾಯಿ ಬರ್ತಾ ಇದೆ, ಜಾಗ ಮಾಡ್ಕೊಳಿ, ಆಳು ನಿಲ್ಲಿಸಿ ಎಂದು ಮುಂಚೆಯೇ ಹೇಳಿಬಿಟ್ಟರೆ ಇಳಿಸುವಾಗ ಗಲಾಟೆ ಇರುವುದಿಲ್ಲ.

"ಇಷ್ಟೇ ತಾನೇ?" ಎಂದ. "ಮೆಟ್ಟಿಲೇ ಸಮಸ್ಯೆ ಅಂದ್ರೆ, ಅವರೇ ಕೆಳಗೆ ಬಂದ್ಬಿಡ್ಲಿ. ನಾನು ಎಲ್ರಿಗೂ ಫೋನ್ ಮಾಡ್ತೀನಿ."

ವಿನುತಾಗೂ ಇದು ಹಿಡಿಸಿತು. "ಫೋನ್ ಬೇಡ ರೀ, ಬೀದಿ ಗ್ರೂಪಿಗೆ ಮೆಸೇಜ್ ಹಾಕೋಣ. ನಾನೇ ಬರೀತೀನಿ."

ವಿನುತಾ ಕೆಲಸ ಮಾಡುವುದು ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ಅಂಗಡಿಯಲ್ಲಿ. ದಿನವಿಡೀ ಆಮಂತ್ರಣದ ಒಕ್ಕಣೆ ಟೈಪು ಮಾಡುವ ಕೈ ಬೇರೆ ಥರ ಬರೆಯಲು ಒಪ್ಪುವುದಿಲ್ಲ. ಹಬ್ಬದ ಹಿಂದಿನ ದಿನ ಬೀದಿಯ ಎಲ್ಲ ಮೊಬೈಲುಗಳಿಗೂ ಹೀಗೊಂದು ಸಂದೇಶ ಬಂತು:

"ಮಾನ್ಯರೇ, ಮಕರ ಸಂಕ್ರಾಂತಿಯ ಸಂಜೆ ಐದು ಗಂಟೆಗೆ ನಮ್ಮ ಸುಪುತ್ರಿ ಕುಮಾರಿ ಲಾವಣ್ಯಾ ಸ್ನೇಹಿತೆಯರೊಡನೆ ಎಳ್ಳು ಬೀರಲು ಬರುವುದರಿಂದ, ತಾವು ಸಕುಟುಂಬ ಸಪರಿವಾರ ಸಮೇತರಾಗಿ ತಮ್ಮ ತಮ್ಮ ಗೇಟಿನ ಬಳಿ ಆಗಮಿಸಿ, ಎಳ್ಳು ಸ್ವೀಕರಿಸಿ, ಮಗುವನ್ನು ಆಶೀರ್ವದಿಸಬೇಕಾಗಿ ಕೋರುವ, ಶ್ರೀಮತಿ ವಿನುತಾ ಮತ್ತು ಶ್ರೀ ಮುನೇಶ್."

ಆದರೂ ಮನಸ್ಸು ತಡೆಯದೆ ಮುನೇಶ್ ಕೆಲವರಿಗೆ ಫೋನನ್ನೂ ಮಾಡಿದ. ಮಗಳಿಗೆ ಮಾತ್ರ ಇಬ್ಬರೂ ಹೇಳಲಿಲ್ಲ. ಖುಷಿಯಾಗಲಿ ಎಂದು.

ಹಬ್ಬದ ಸಂಜೆ ಐದಕ್ಕೆ ಮೆರವಣಿಗೆ ಹೊರಟಿತು. ಹಸಿರು ರೇಷ್ಮೆ ಲಂಗದಲ್ಲಿ ಲಾವಣ್ಯಾ, ತೊಡೆಯ ಮೇಲೆ ತಟ್ಟೆ. ಅಕ್ಕಪಕ್ಕ ಆರಾಧನಾ ಮತ್ತು ಇನ್ನೊಬ್ಬ ಗೆಳತಿ ತೇಜಶ್ರೀ. ಹಿಂದೆ ಪೊಟ್ಟಣಗಳ ಚೀಲ ಹಿಡಿದ ವಿನುತಾ. ಅದರ ಹಿಂದೆ, ಕಾರಣವೇನೂ ಇಲ್ಲದೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮುನೇಶ್.

ಮೊದಲ ಮನೆಯ ಗೇಟಿನಲ್ಲೇ ಲಾವಣ್ಯಾ ಹುಬ್ಬೇರಿಸಿದಳು. ಮನೆಯವರೆಲ್ಲ ಹೊರಗೆ ನಿಂತಿದ್ದರು. ಪಕ್ಕದ ಗೇಟಿನಲ್ಲೂ ಜನ. ಅದರಾಚೆಯೂ ಜನ. ಬೀದಿಯುದ್ದಕ್ಕೂ, ಯಾರೋ ಮಂತ್ರಿ ಬರುವವರಿದ್ದಾರೆ ಎಂಬಂತೆ, ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದುಕೊಂಡು ಜನ ನಿಂತಿದ್ದರು.

"ಬಾರಮ್ಮ ಬಾ! ಎಷ್ಟು ಮುದ್ದಾಗಿ ಕಾಣ್ತಿದೀಯ!"

"ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ ಆಂಟಿ," ಎಂದು ಲಾವಣ್ಯಾ ಪೊಟ್ಟಣ ಕೊಟ್ಟಳು. ಆಕೆ ಕೆನ್ನೆ ಸವರಿದರು. ಎರಡು ಕಬ್ಬಿನ ತುಂಡು ಕೊಟ್ಟರು. ಆರಾಧನಾಗೆ ಸಿಕ್ಕಿದ್ದು ಒಂದೇ. ಮುಂದಿನ ಮನೆಯವರು ಆರತಿ ಎತ್ತಿದರು. ಅದರ ಮುಂದಿನ ಮನೆಯ ಈಶ್ವರ್, ಬ್ಯಾಂಕಿನಿಂದ ನಿವೃತ್ತರಾದವರು, ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಾ, "ಈ ಕಡೆ ನೋಡಮ್ಮ, ಸ್ಮೈಲ್" ಎಂದರು. ಎಲ್ಲರೂ ಒಳ್ಳೆಯವರೇ. ಅದರಲ್ಲಿ ಅನುಮಾನವಿಲ್ಲ. ಯಾರ ಮನೆ ಮುಂದೆಯೂ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವ ಅಗತ್ಯ ಬೀಳಲಿಲ್ಲ, ಅಷ್ಟೇ.

"ಸೂಪರ್ ಸ್ಪೀಡು," ಎಂದು ಮುನೇಶ್ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. "ಆರು ಗಂಟೆಯೊಳಗೆ ಬೀದಿ ಖಾಲಿ."

ತೇಜಶ್ರೀಗೆ ಮಾತ್ರ ಸಮಾಧಾನವಿರಲಿಲ್ಲ. "ಏನೇ ಇದು, ಯಾರೂ ಒಳಗೇ ಕರೀತಿಲ್ಲ. ಹೋದ್ ವರ್ಷ ಈ ಆಂಟಿ ಮನೇಲಿ ಕೋಡುಬಳೆ ಕೊಟ್ಟಿದ್ರು."

"ನಾಯಿಮರಿ ಬೇರೆ ಇತ್ತು," ಎಂದಳು ಆರಾಧನಾ. ಆಮೇಲೆ ಲಾವಣ್ಯಾಳ ಮುಖ ನೋಡಿ, "ಇರ್ಲಿ ಬಿಡು, ಕಚ್ಚುತ್ತೆ ಅದು," ಎಂದು ಸೇರಿಸಿದಳು.

ಲಾವಣ್ಯಾ ಹಿಂತಿರುಗಿ ಅಪ್ಪನನ್ನು ನೋಡಿದಳು. "ಅಪ್ಪಾ, ನೀನೇನಾದ್ರೂ ಫೋನ್ ಮಾಡಿದ್ಯಾ ಇವರಿಗೆಲ್ಲ?"

"ನಾನಾ? ಕೆಲವ್ರಿಗೆ ಅಷ್ಟೇ. ಮಿಕ್ಕಿದ್ದು ನಿಮ್ಮಮ್ಮ."

"ನಿನಗೆ ಸುಲಭ ಆಗ್ಲಿ ಅಂತ ಪುಟ್ಟಿ," ಎಂದಳು ವಿನುತಾ.

ಲಾವಣ್ಯಾ ಚಕ್ರಗಳನ್ನು ಜೋರಾಗಿ ತಳ್ಳಿ ಮುಂದೆ ಹೋದಳು.

ಮೂಲೆ ಮನೆಯ ಗೇಟಿನಲ್ಲಿ ಲಕ್ಷ್ಮೀದೇವಮ್ಮನವರೇ ನಿಂತಿದ್ದರು. ಮಂಡಿನೋವಿನ ಆ ಹಿರಿಯರು ಮೆಟ್ಟಿಲಿಳಿದು ಬೀದಿಗೆ ಬಂದದ್ದನ್ನು ನೋಡಿ ಮುನೇಶ್ ಕೈ ಮುಗಿದ. ಲಾವಣ್ಯಾ ಪೊಟ್ಟಣ ಕೊಟ್ಟಳು. ಅವರು ಅದನ್ನು ಬಿಚ್ಚದೆ ಸೆರಗಿನಲ್ಲಿ ಹಿಡಿದುಕೊಂಡರು.

"ಬಹಳ ಚೆನ್ನಾಗಿದೆಯಮ್ಮ," ಎಂದರು.

"ತಿಂದು ನೋಡಿ ಅಜ್ಜಿ. ಬೆಲ್ಲ ಕೊಬ್ಬರಿ ಎಲ್ಲ ನಾನೇ ಹೆಚ್ಚಿರೋದು."

"ಆಮೇಲೆ ತಿಂತೀನಿ ಬಂಗಾರ. ಚೆನ್ನಾಗೇ ಇರುತ್ತೆ." ಆಕೆ ಉಳಿದ ಇಬ್ಬರ ಕಡೆ ತಿರುಗಿದರು. ದನಿ ತಟಕ್ಕನೆ ಬದಲಾಯಿತು. "ಏಯ್, ನೀವಿಬ್ರೂ ಯಾಕೆ ಇಲ್ಲೇ ನಿಂತಿದೀರ? ಒಳಗೆ ನಡೀರಿ. ಉಯ್ಯಾಲೆ ಮೇಲೆ ಕೂತ್ಕೊಳಿ. ಆರಾಧನಾ, ಈ ಸಲ ಏನು ಮಣ್ಣು ತಂದಿದೀಯ ನೋಡ್ತೀನಿ."

ಆರಾಧನಾ ಕದಲಲಿಲ್ಲ. ತೇಜಶ್ರೀ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ಅಲ್ಲೇ ನಿಂತಳು.

"ನಾನೂ ಒಳಗೆ ಬರ್ತೀನಿ ಅಜ್ಜಿ," ಎಂದಳು ಲಾವಣ್ಯಾ.

ಮುನೇಶ್ ಅಂಗಿಯ ತೋಳು ಮಡಚುತ್ತಾ ಮುಂದೆ ಬಂದ. "ಅದಕ್ಕೇನಂತೆ, ಎತ್ಕೊಂಡು ಹೋಗಿ ಕೂರಿಸ್ತೀನಿ ಬಾ."

"ನಾನೇನು ಕೋಸು ಮೂಟೆನಾ? ಎತ್ಬೇಡ."

"ಮತ್ತೆ ಹೇಗೆ ಹೋಗ್ತೀಯ?"

"ಮನೇಲಿ ಟೆರೇಸಿಗೆ ಹೇಗೆ ಹೋಗ್ತೀನೋ ಹಾಗೆ."

ಮನೆಯಲ್ಲಿ ಲಾವಣ್ಯಾ ಟೆರೇಸಿಗೆ ಹೋಗುತ್ತಿದ್ದುದು ಕೂತುಕೊಂಡು. ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಅಂಗೈಗಳನ್ನು ಮೇಲಿನ ಮೆಟ್ಟಿಲಿಗೆ ಊರಿ, ಮೈಯನ್ನು ಎತ್ತಿ ಅದರ ಮೇಲೆ ಇಳಿಸುವುದು. ಕಾಲುಗಳು ಹಿಂದೆಯೇ ಬರುತ್ತವೆ. ಫಿಸಿಯೋಥೆರಪಿಸ್ಟ್ ಕಲಿಸಿದ್ದು. ಅವಳು ಅದರಲ್ಲಿ ಪಳಗಿದ್ದಳು.

ವಿನುತಾ ಬಗ್ಗಿ, ಯಾರಿಗೂ ಕೇಳಿಸದಂತೆ ಹೇಳಿದಳು, "ಬೀದಿಲಿ ಬೇಡ ಪುಟ್ಟಿ."

"ಯಾಕೆ?"

"ಕಲ್ಲು ಒರಟು. ಚರ್ಮ ತರಚಿದ್ರೆ ನಿನಗೆ ಗೊತ್ತೇ ಆಗಲ್ಲ. ಡಾಕ್ಟ್ರು ಎಷ್ಟು ಸಲ ಹೇಳಿದಾರೆ? ರೇಷ್ಮೆ ಲಂಗ ಬೇರೆ."

"ಒಳಗೆ ದಪ್ಪ ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡಿದೀನಿ."

"ಯಾವಾಗ ಹಾಕ್ಕೊಂಡೆ?"

"ನೀನು ಹೂವು ಕಟ್ಟೋವಾಗ. ಈ ಮನೆ ಮೆಟ್ಟಿಲು ಗೊತ್ತಿತ್ತಲ್ಲ ನಂಗೆ."

ವಿನುತಾ ಲಂಗದ ಅಂಚು ಸರಿಸಿ ನೋಡಿದಳು. ಚರ್ಮದ ಭಯ ಸುಳ್ಳಲ್ಲ. ಹಿಂದೊಮ್ಮೆ ಆದ ಗಾಯ ವಾಸಿಯಾಗಲು ತಿಂಗಳುಗಳೇ ಹಿಡಿದಿದ್ದವು. ಆದರೆ ಟ್ರ್ಯಾಕ್ ಪ್ಯಾಂಟಿನ ಮಾತು ಬಂದ ಮೇಲೂ ಅವಳ ಎದೆಯ ಭಾರ ಇಳಿದಿರಲಿಲ್ಲ. ಅಂದರೆ ಭಾರ ಚರ್ಮದ್ದಷ್ಟೇ ಅಲ್ಲ. ಅಕ್ಕಪಕ್ಕದ ಗೇಟುಗಳಲ್ಲಿ ಜನ ಇನ್ನೂ ನಿಂತಿದ್ದರು. ತಾನೇ ಅಚ್ಚುಕಟ್ಟಾದ ಒಕ್ಕಣೆ ಬರೆದು ಕರೆಸಿದ ಜನ. ಅವರೆಲ್ಲರ ಕಣ್ಣ ಮುಂದೆ ಮಗಳು ನೆಲದ ಮೇಲೆ ಕೂರುವುದು, ಮೈಯನ್ನು ಎಳೆಯುವುದು...

"ಮನೇಲಿ ಹತ್ತಿದ್ರೆ ಭೇಷ್ ಅಂತೀಯ," ಎಂದಳು ಲಾವಣ್ಯಾ. ಅವಳ ದನಿ ಈಗ ಸಣ್ಣಗಾಗಿತ್ತು. "ಇಲ್ಲಿ ಹತ್ತಿದ್ರೆ ನಿಂಗೆ ನಾಚಿಕೆನಾ ಅಮ್ಮ?"

ಮುನೇಶ್ ಮಡಚಿದ ಅಂಗಿಯ ತೋಳುಗಳನ್ನು ಕೆಳಗಿಳಿಸಿಕೊಂಡ.

ವಿನುತಾ ಗಾಲಿಕುರ್ಚಿಯನ್ನು ಮೆಟ್ಟಿಲ ಪಕ್ಕಕ್ಕೆ ತಂದು ಬ್ರೇಕ್ ಹಾಕಿದಳು. ಕೆಳಗಿನ ಮೆಟ್ಟಿಲ ಮೇಲೆ ಚೂಪಾದ ಕಲ್ಲುಗಳಿವೆಯೇ ಎಂದು ಅಂಗೈಯಿಂದ ಸವರಿ ನೋಡಿದಳು. ಆಮೇಲೆ ತಟ್ಟೆಯನ್ನು ಎತ್ತಿ ಆರಾಧನಾಳ ಕೈಗೆ ಕೊಟ್ಟಳು.

"ನಿಧಾನ," ಎಂದಷ್ಟೇ ಹೇಳಿ ಗೇಟಿನಿಂದ ಹೊರಗೆ ಬಂದು ನಿಂತಳು.

ಲಾವಣ್ಯಾ ಕುರ್ಚಿಯಿಂದ ಮೆಟ್ಟಿಲಿಗೆ ಇಳಿದಳು. ಬೀದಿಗೆ ಮುಖ ಮಾಡಿ ಕೂತಳು. ಹೀಗೆ ಹತ್ತುವುದರಲ್ಲಿ ಒಂದು ವಿಶೇಷವೆಂದರೆ, ಹತ್ತುವವರಿಗೆ ನೋಡುವವರೆಲ್ಲ ಎದುರಿಗೇ ಕಾಣುತ್ತಾರೆ. ಅಂಗೈ ಊರಿದಳು. ಎತ್ತಿದಳು. ಮೇಲೆ ಬಂದಳು. ಮೆಟ್ಟಿಲ ಅಂಚಿನ ರಂಗೋಲಿಯ ಗುಲಾಬಿ ಬಣ್ಣ ಹಸಿರು ಲಂಗಕ್ಕೆ ಬಳಿದುಕೊಂಡಿತು. ಮತ್ತೆ ಊರಿದಳು, ಎತ್ತಿದಳು.

ಈಶ್ವರ್ ತಮ್ಮ ಗೇಟಿನಿಂದ ಇಲ್ಲಿಗೇ ನಡೆದು ಬಂದಿದ್ದರು. ಮೊಬೈಲ್ ಮೇಲೆತ್ತಿ, "ಅದ್ಭುತ! ಏನು ಛಲ! ಇದನ್ನ ಗ್ರೂಪಿಗೆ ಹಾಕ್ಲೇಬೇಕು," ಎಂದರು.

"ಸಾರ್, ಫೋನ್ ಒಳಗಿಡಿ," ಎಂದಳು ವಿನುತಾ.

"ಅಲ್ಲಮ್ಮ, ಇನ್‌ಸ್ಪಿರೇಷನ್..."

"ಅವಳು ಎಳ್ಳು ಬೀರೋಕೆ ಹೋಗ್ತಿದಾಳೆ ಸಾರ್. ತೇಜಶ್ರೀ ಹತ್ತಿದ್ರೆ ವಿಡಿಯೋ ಮಾಡ್ತಿದ್ರಾ ನೀವು?"

ಈಶ್ವರ್ ಮೊಬೈಲನ್ನು ನೋಡಿದರು, ತೇಜಶ್ರೀಯನ್ನು ನೋಡಿದರು. ಫೋನು ಜೇಬಿಗೆ ಹೋಯಿತು. ನಿಂತಿದ್ದ ಇತರರಿಗೂ ಯಾಕೋ ಮನೆಯೊಳಗಿನ ಕೆಲಸಗಳು ನೆನಪಾದವು. ಒಂದೊಂದೇ ಗೇಟು ಮುಚ್ಚಿಕೊಂಡಿತು.

ಲಾವಣ್ಯಾ ಹೊಸ್ತಿಲು ದಾಟಿದಳು. ಒಳಗಿನ ಕೆಂಪು ಗಾರೆಯ ನೆಲ ನುಣುಪಾಗಿತ್ತು. ಜಾರಿಕೊಂಡು ಹೋಗುವುದು ಕಷ್ಟವಾಗಲಿಲ್ಲ. ಗೆಳತಿಯರಿಬ್ಬರೂ ಉಯ್ಯಾಲೆ ಅಲುಗದಂತೆ ಎರಡೂ ಕಡೆ ಸರಪಳಿ ಹಿಡಿದರು. ಮನೆಯಲ್ಲಿ ಮಂಚ ಹತ್ತುವಂತೆ ಲಾವಣ್ಯಾ ಹಲಗೆಗೆ ಕೈಯೂರಿ ಮೇಲೆದ್ದು ಕೂತಳು.

ಲಕ್ಷ್ಮೀದೇವಮ್ಮ ಮಂಡಿ ಹಿಡಿದುಕೊಂಡು ನಿಧಾನವಾಗಿ ಒಳಬಂದು ಎದುರಿನ ಕುರ್ಚಿಯಲ್ಲಿ ಕೂತರು. ಮೊದಲು ಆರಾಧನಾಳ ಪೊಟ್ಟಣ ಬಿಚ್ಚಿದರು.

"ಮರಳಿಲ್ಲ. ಆದ್ರೆ ಕೊಬ್ಬರಿ ಸಿಪ್ಪೆ ಹೆರೆದಿಲ್ಲ. ಸೋಮಾರಿಗಳು."

ತೇಜಶ್ರೀಯದನ್ನು ಬಾಯಿಗೆ ಹಾಕಿಕೊಂಡರು. "ಇದು ಅಂಗಡೀಲಿ ತಂದಿದ್ದು."

"ಇಲ್ಲ ಅಜ್ಜಿ, ಮನೇದೇ!"

"ಸುಳ್ಳು ಹೇಳ್ಬೇಡ. ಅಂಗಡಿಯವನಿಗೆ ಬಣ್ಣದ ಜೀರಿಗೆ ಮಿಠಾಯಿ ಹುಚ್ಚು, ನಿಮ್ಮಮ್ಮನಿಗಲ್ಲ."

ಲಾವಣ್ಯಾಳ ಸರದಿ. ಲಕ್ಷ್ಮೀದೇವಮ್ಮ ಪೊಟ್ಟಣವನ್ನು ಕೈಯಲ್ಲಿ ತಿರುಗಿಸಿ, ಮುಖ ಮೆತ್ತಗೆ ಮಾಡಿಕೊಂಡು, "ನಿಂದು ಚೆನ್ನಾಗಿದೆ ಅಂತ ಆಗ್ಲೇ ಹೇಳಿದ್ನಲ್ಲ ಕಂದ," ಎಂದರು.

"ತಿನ್ನದೇ ಹೇಳಿದ್ರಿ. ಅದು ಲೆಕ್ಕಕ್ಕಿಲ್ಲ."

ಆರಾಧನಾ ಬಾಯಿ ಮುಚ್ಚಿಕೊಂಡು ನಕ್ಕಳು. ಲಕ್ಷ್ಮೀದೇವಮ್ಮನವರಿಗೆ ಹಾಗೆ ಎದುರು ಹೇಳಿದವರು ಆ ಉಯ್ಯಾಲೆಯ ಮೇಲೆ ಈವರೆಗೆ ಕೂತಿರಲಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು ಹುಡುಗಿಯನ್ನು ಒಂದು ಸಲ ಪೂರ್ತಿ ನೋಡಿದರು. ಪೊಟ್ಟಣ ಬಿಚ್ಚಿ, ಅಂಗೈಗೆ ಸುರಿದುಕೊಂಡು, ಬೆರಳಿನಿಂದ ಕೆದಕಿ, ಬಾಯಿಗೆ ಹಾಕಿಕೊಂಡರು. ಅಗಿದರು. ಬಹಳ ಹೊತ್ತು ಅಗಿದರು.

ಬೀದಿಯಲ್ಲಿ, ತೆರೆದ ಕಿಟಕಿಯ ಕೆಳಗೆ, ವಿನುತಾ ಮತ್ತು ಮುನೇಶ್ ಕಿವಿಗೊಟ್ಟು ನಿಂತಿದ್ದರು.

"ಕೊಬ್ಬರಿ ಪರವಾಗಿಲ್ಲ," ಎಂಬ ದನಿ ಒಳಗಿನಿಂದ ಬಂತು. "ಬೆಲ್ಲ ಒಂದೊಂದು ಒಂದೊಂದು ಸೈಜು. ಒಂದು ಹುಣಸೆಬೀಜ, ಒಂದು ನೆಲ್ಲಿಕಾಯಿ. ನನಗಿರೋದೇ ಹತ್ತು ಹಲ್ಲು. ಒಂದು ಹೋದ್ರೆ ಯಾರು ಕಟ್ಟಿಸಿಕೊಡ್ತಾರೆ, ನೀನಾ?"

ಮುನೇಶ್ ಹೆಂಡತಿಯ ಕೈ ಹಿಡಿದುಕೊಂಡ. "ಅಯ್ಯೋ, ಮಗುಗೆ ಬೇಜಾರಾಗುತ್ತೆ. ಒಳಗೆ ಹೋಗ್ಲಾ?"

"ಸುಮ್ನಿರಿ."

"ಬೆಲ್ಲ ಎಣ್ಣೆ ಬಿಟ್ಕೊಂಡಿತ್ತು ಅಜ್ಜಿ, ಚಾಕು ಜಾರ್ತಿತ್ತು," ಎಂದು ಲಾವಣ್ಯಾಳ ವಾದ ಕೇಳಿಸಿತು.

"ಬೆಲ್ಲ ಎಲ್ಲಾದ್ರೂ ಎಣ್ಣೆ ಬಿಡುತ್ತಾ? ನೆಪ ಹೇಳ್ಬೇಡ. ಬಿಸಿಲಿಗೆ ಇಟ್ಟು ಹೆಚ್ಚಬೇಕು. ಇನ್ನು ಈ ಕಡಲೇಕಾಯಿ ಬೀಜ! ಹುರಿದಿದ್ದಾ, ಸುಟ್ಟಿದ್ದಾ? ಇದೂ ನೀನೇ ಮಾಡಿದ್ದಾ?"

"ಅದು ನಾನಲ್ಲ. ಅದು ಅಮ್ಮ!"

ಉಯ್ಯಾಲೆಯ ಮೇಲಿದ್ದ ಮೂವರೂ ನಗಲು ಶುರು ಮಾಡಿದರು. ಸರಪಳಿ ಕಿರ್ರೆಂದಿತು. ಹೊರಗೆ ವಿನುತಾಳ ಮುಖ ಕೆಂಪಾಯಿತು.

"ಸೀದಿದ್ದು ನಿಜಾನಾ?" ಎಂದ ಮುನೇಶ್.

"ಒಂಚೂರು."

"ನಾನು ಅವತ್ತೇ ಹೇಳೋಣ ಅಂದ್ಕೊಂಡೆ."

"ಹೇಳ್ದೇ ಇದ್ದದ್ದು ನಿಮಗೇ ಒಳ್ಳೇದಾಯ್ತು."

ಒಳಗೆ ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ. ತೀರ್ಪಿನ ನಂತರ ತಿಂಡಿ ಬಂತೆಂದು ವಾಸನೆಯಿಂದ ಗೊತ್ತಾಯಿತು. ಅವರೇಬೇಳೆ ಹಾಕಿದ ಉಪ್ಪಿಟ್ಟು. ತೇಜಶ್ರೀ ಯಾವುದೋ ಟೀಚರ್ ಥರ ಮಾತಾಡಿ ತೋರಿಸುತ್ತಿದ್ದಳು. ಲಾವಣ್ಯಾ ಅವಳನ್ನು ತಿದ್ದುತ್ತಿದ್ದಳು. ಮಾಡಲು ಕೆಲಸವಿಲ್ಲದೆ ಮುನೇಶ್ ಖಾಲಿ ಗಾಲಿಕುರ್ಚಿಯ ಟಯರು ಒತ್ತಿ ನೋಡಿದ. ಗಾಳಿ ಸರಿಯಾಗಿಯೇ ಇತ್ತು.

ಬೀದಿದೀಪ ಹತ್ತಿಕೊಂಡ ಮೇಲೆ ಹುಡುಗಿಯರು ಬಾಗಿಲಿಗೆ ಬಂದರು. ಇಳಿಯುವುದು ಹತ್ತಿದಷ್ಟು ಕಷ್ಟವಲ್ಲ. ಲಾವಣ್ಯಾ ಒಂದೊಂದೇ ಮೆಟ್ಟಿಲು ಜಾರಿ ಕೆಳಗೆ ಬಂದು, ಆರಾಧನಾ ಹಿಡಿದ ಕುರ್ಚಿಗೆ ಏರಿ ಕೂತಳು. ಲಂಗದ ಹಿಂಭಾಗ ಪೂರ್ತಿ ಗುಲಾಬಿ. ಅಂಗೈಗಳೂ ಗುಲಾಬಿ. ಅಪ್ಪ ಅಮ್ಮನನ್ನು ನೋಡಿ ಅವಳಿಗೆ ಆಶ್ಚರ್ಯವಾಯಿತು.

"ನೀವಿನ್ನೂ ಇಲ್ಲೇ ಇದೀರಾ?"

"ನಿನ್ನನ್ನ ಬಿಟ್ಟು ಎಲ್ಲಿಗೆ ಹೋಗೋದು?" ಎಂದ ಮುನೇಶ್.

"ಮನೆಗೆ. ನಾವು ಹಿಂದಿನ ಬೀದಿಗೂ ಹೋಗ್ತೀವಿ. ಅಲ್ಲಿ ತೇಜಶ್ರೀ ಅತ್ತೆ ಮನೆ ಇದೆ. ಎಂಟು ಗಂಟೆಗೆ ಬರ್ತೀನಿ."

"ಅಲ್ಲಿ ಮೆಟ್ಟಿಲು ಹೇಗಿದೆಯೋ ಏನೋ..."

"ಹೋಗಿ ನೋಡ್ತೀವಿ ಅಂಕಲ್," ಎಂದಳು ತೇಜಶ್ರೀ.

ವಿನುತಾ ಪೊಟ್ಟಣದ ಚೀಲವನ್ನು ಕುರ್ಚಿಯ ಹಿಡಿಕೆಗೆ ನೇತುಹಾಕಿದಳು. "ಮನೆಗೆ ಬಂದ ತಕ್ಷಣ ತರಚಿದ್ಯಾ ಅಂತ ನೋಡ್ಬೇಕು. ಆ ಒಂದಕ್ಕೆ ಎದುರು ಮಾತಿಲ್ಲ."

"ಆಯ್ತಮ್ಮ."

"ಎಂಟು ಅಂದ್ರೆ ಎಂಟು."

ಮೂವರೂ ಮೂಲೆ ತಿರುಗಿದರು. ನಗು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು, ಆಮೇಲೆ ಆಟೋ ಒಂದರ ಸದ್ದಿನಲ್ಲಿ ಕಳೆದುಹೋಯಿತು. ಮುನೇಶ್ ಅದೇ ಕಡೆ ನಾಲ್ಕು ಹೆಜ್ಜೆ ಹಾಕಿದ.

"ಎಲ್ಲಿಗ್ರೀ?" ಎಂದಳು ವಿನುತಾ.

"ಸುಮ್ನೆ. ಹಂಗೇ."

"ಸುಮ್ನೆ ಆದ್ರೆ ಈ ಕಡೆ ಬನ್ನಿ. ಕಾಫಿ ಕುಡಿಯೋಣ."

ಮುನೇಶ್ ಒಂದು ಸಲ ಮೂಲೆಯ ಕಡೆ ನೋಡಿ, ಬಿಳಿ ಅಂಗಿಯ ತೋಳು ಸರಿಮಾಡಿಕೊಂಡು, ಹೆಂಡತಿಯ ಹಿಂದೆ ಹೊರಟ.